ಎಳೆಯುವ ಗಾಡಿಯ ಸಪ್ಪಳ

ಸೈಲೆನ್ಸರ್ ಬಿಚ್ಚಿಸಿಕೊಂಡು ಬಂದ ದಿನ ಚೇತನಕುಮಾರ ಊಟಕ್ಕೆ ಕುಳಿತಾಗ ಮನೆಯಲ್ಲಿ ಯಾರೂ ಅವನ ಜೊತೆ ಮಾತನಾಡಲಿಲ್ಲ. ತಾಯಿ ಸಿದ್ದವ್ವ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಶೇಂಗಾ ಹಿಂಡಿ ಬೇಕೇ ಎಂದು ಕೇಳಲಿಲ್ಲ. ಹೆಂಡತಿ ಪದ್ಮಶ್ರೀ ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ತಿರುಗಾಡುತ್ತಿದ್ದಳು. ಆಗಷ್ಟೇ ಮಲಗಿದ್ದ ಕೂಸು, ಗಾಡಿ ಅಂಗಳಕ್ಕೆ ಬಂದ ಸಪ್ಪಳಕ್ಕೆ ಬೆಚ್ಚಿ ಎದ್ದಿತ್ತು.

ಹುನಗುಂದದ ಅಂಚಿನಲ್ಲಿ, ಇಳಕಲ್ಲಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಅವರ ಮನೆ. ಅಂಗಳದಲ್ಲಿ ನಿಲ್ಲುವುದು ಕೆಟ್ಟು ನಿಂತ ಲಾರಿಗಳನ್ನು ಎಳೆದು ತರುವ ಗಾಡಿ. ಹಳೆಯ ಲಾರಿಯೊಂದನ್ನು ಕೊಂಡು, ಹಿಂದಿನ ಡಬ್ಬಿ ತೆಗೆಸಿ, ಅಲ್ಲಿ ಕ್ರೇನು ಕೂರಿಸಿ ಅದನ್ನು ಮಾಡಿಸಿದವನು ಚೇತನನ ತಂದೆ ರಾಚಯ್ಯ. ಹೆದ್ದಾರಿಯಲ್ಲಿ ಎಲ್ಲಿ ಗಾಡಿ ನಿಂತರೂ ಫೋನು ಪದ್ಮಶ್ರೀಗೆ ಬರುತ್ತಿತ್ತು. ಎಲ್ಲಿ, ಎಂಥ ಗಾಡಿ, ಮಾಲು ಇದೆಯೋ ಖಾಲಿಯೋ ಎಂದು ಕೇಳಿ ಅವಳು ಗಂಡನಿಗೆ ಹೇಳುತ್ತಿದ್ದಳು. ಗಾಡಿ ಹೊಡೆಯುವವನು ಚೇತನ. ಎಳೆಸಿಕೊಳ್ಳುವ ಲಾರಿಯಲ್ಲಿ ಕುಳಿತು ಸ್ಟೇರಿಂಗ್ ಹಿಡಿಯುವವನು ಅಬ್ದುಲಸಾಬ, ರಾಚಯ್ಯನ ಜೊತೆ ವಯಸ್ಸು ಕಳೆದವನು.

ಕೆಲವು ತಿಂಗಳಿಂದ ಗಾಡಿಗೆ ಎಳೆಯುವ ಶಕ್ತಿ ಕಡಿಮೆಯಾಗಿತ್ತು. ಸಪಾಟು ರಸ್ತೆಯಲ್ಲಿ ಹೇಗೋ ಹೋಗುತ್ತಿತ್ತು, ಏರು ಬಂದರೆ ಕಪ್ಪು ಹೊಗೆ ಬಿಟ್ಟು ಏದುಸಿರು ಬಿಡುತ್ತಿತ್ತು. ಸೈಲೆನ್ಸರ್ ಎಂಜಿನ್ನಿನ ಉಸಿರು ಕಟ್ಟಿಸುತ್ತಿದೆ, ಅದನ್ನು ತೆಗೆದು ದಪ್ಪನೆಯ ನೇರ ಪೈಪು ಹಾಕಿಸಿದರೆ ಎಳೆತ ಬರುತ್ತದೆ ಎಂದು ಚೇತನ ಹೇಳುತ್ತ ಬಂದಿದ್ದ. ರಾಚಯ್ಯ ಬೇಡವೆಂದಿದ್ದ. ಆವತ್ತು ಅಪ್ಪ ಬಾಗಲಕೋಟೆಗೆ ಹೋದದ್ದು ನೋಡಿ, ಚೇತನ ಇಳಕಲ್ಲಿನ ಸುನೀಲಕುಮಾರನ ಗ್ಯಾರೇಜಿನಲ್ಲಿ ಕೆಲಸ ಮುಗಿಸಿಕೊಂಡು ಬಂದಿದ್ದ.

ರಾಚಯ್ಯ ಬಂದು, ಕೈಕಾಲು ತೊಳೆದು, ಮಗನ ಎದುರಿಗೆ ಊಟಕ್ಕೆ ಕುಳಿತ.

"ಹಳೇ ಸೈಲೆನ್ಸರ್ ಎಲ್ಲೈತಿ?"

"ಗಾಡ್ಯಾಗ ಐತಿ."

"ಹಾಂ?"

"ಗಾಡ್ಯಾಗ ಐತಿ ಅಂದ್ನಿ," ಚೇತನ ದನಿ ಏರಿಸಿದ. "ಒಂದ್ಸಲ ಹೊಡದ ನೋಡಪಾ. ಇಳಕಲ್ಲಿಂದ ಬರೂಮುಂದ ಹ್ಯಾಂಗ ಓಡ್ತು ಗೊತ್ತೇನು? ಕಾಲಿಡೂದ ತಡ, ಹಾರ್ತಿತ್ತು."

"ಖಾಲಿ ಗಾಡಿ ಯಾವಾಗ್ಲೂ ಹಾರ್ತೈತಿ. ನಮ್ಮದು ಹಾರೋ ಕೆಲಸಲ್ಲ, ಎಳಿಯೋ ಕೆಲಸ. ಸಪ್ಪಳ ಹೆಚ್ಚಾತಂದ್ರ ಶಕ್ತಿ ಹೆಚ್ಚಾತಂತ ತಿಳೀಬ್ಯಾಡ."

"ಹಂಗಾರ ನೀ ಹೇಳು, ಯಾಕ ಎಳೀವಲ್ದು?"

ರಾಚಯ್ಯ ನೀರಿನ ತಂಬಿಗೆ ಎತ್ತಿಕೊಂಡ. ಎಂಜಿನ್ನಿನ ಸಪ್ಪಳ ಕೇಳಿಯೇ ರೋಗ ಹೇಳುತ್ತಾನೆಂದು ಅವನಿಗೆ ಸುತ್ತಿನ ಊರುಗಳಲ್ಲಿ ಹೆಸರಿತ್ತು. ಈ ಸಲ ಎಷ್ಟು ಹೊತ್ತು ಎಂಜಿನ್ನಿನ ಮೇಲೆ ಬಗ್ಗಿ ಕೇಳಿದ್ದರೂ ಏನೂ ಸಿಕ್ಕಿರಲಿಲ್ಲ.

"ಗೊತ್ತಿಲ್ಲಂದ್ರ ನನಗ ಮಾಡಾಕ ಬಿಡು," ಎಂದ ಚೇತನ.

ಸಿದ್ದವ್ವ ನಡುವೆ ಬಾಯಿ ಹಾಕಿದಳು. "ಅಪ್ಪನ್ನ ಕೇಳಿ ಮಾಡಿದ್ರ ನಿನ್ನ ಗಂಟೇನು ಹೋಗ್ತಿತ್ತಪಾ? ಕಳ್ಳರಂಗ ಹೋಗಿ ಮಾಡ್ಸೂದ್ಯಾಕ?"

"ಕೇಳಿದ್ರ ಬ್ಯಾಡ ಅಂತಾನ."

"ಬ್ಯಾಡಂದ್ರ ಬ್ಯಾಡ."

"ಗಾಡಿ ಹೊಡ್ಯಾಂವ ನಾ," ಎಂದು ಚೇತನ ತಾಟು ಸರಿಸಿ ಎದ್ದ. ಅರ್ಧ ರೊಟ್ಟಿ ಹಾಗೆಯೇ ಉಳಿಯಿತು. ಸಿದ್ದವ್ವ ಅದನ್ನು ತಿರುಗಿ ಬುಟ್ಟಿಗೆ ಹಾಕಿ, ಮೇಲೆ ಅರಿವೆ ಮುಚ್ಚಿದಳು.

ಆ ವಾರವೆಲ್ಲ ಗಾಡಿ ನೇರ ಪೈಪಿನಲ್ಲೇ ಓಡಿತು. ಸಪಾಟು ರಸ್ತೆಯ ಸಣ್ಣ ಕೆಲಸಗಳೇ ಬಂದವು; ಚೇತನ ಬೇಗ ಹೋಗಿ ಬೇಗ ಬಂದ. ಗೆದ್ದೆನೆಂದು ಬಾಯಿಬಿಟ್ಟು ಹೇಳದಿದ್ದರೂ ಅವನ ನಡಿಗೆಯಲ್ಲಿ ಅದು ಕಾಣುತ್ತಿತ್ತು. ಪಕ್ಕದ ಮನೆಯವರು ಬಂದು ಮಕ್ಕಳ ಪರೀಕ್ಷೆ ನಡೆದಿದೆ ಎಂದು ಹೇಳಿ ಹೋದರು. ಕಮತಗಿಯ ಹತ್ತಿರ ಪೊಲೀಸರು ನಿಲ್ಲಿಸಿ ದಂಡ ಹಾಕಿದರು. ಅದನ್ನು ಚೇತನ ಮನೆಯಲ್ಲಿ ಹೇಳಲಿಲ್ಲ, ಅಬ್ದುಲಸಾಬ ಹೇಳಿದ.

"ಅಯ್ಯಾರ, ಕ್ಯಾಬಿನ್ನಿನ್ಯಾಗ ಕುಂತ್ರ ಮಗ್ಗಲಾಗಿನ ಮನಶ್ಯಾನ ಮಾತು ಕೇಳ್ಸೂದಿಲ್ಲ," ಎಂದ ಅವನು, ಚಹಾ ಕುಡಿಯುತ್ತ. "ಹುಡುಗಗ ನೀವ ಹೇಳ್ರಿ. ನನ್ನ ಮಾತು ಕೇಳ್ವಲ್ಲ."

ಮಾತು ಸರಿಯಾಗಿ ಕಿವಿಗೆ ಬೀಳದೆ ರಾಚಯ್ಯ ಸುಮ್ಮನೆ ತಲೆಯಾಡಿಸಿದ. ಅಬ್ದುಲಸಾಬನಿಗೆ ಅದು ಒಪ್ಪಿಗೆಯಂತೆ ಕಂಡಿತು.

ಮುಂದಿನ ಸೋಮವಾರ ಬೆಳಗ್ಗೆ ಫೋನು ಬಂತು. ಗ್ರಾನೈಟ್ ಕಲ್ಲು ಹೇರಿದ ಲಾರಿಯೊಂದು ಅಮೀನಗಡದ ಈಚೆ, ಏರಿನ ಬುಡದಲ್ಲಿ ನಿಂತಿತ್ತು. ಅದನ್ನು ಇಳಕಲ್ಲಿನ ಪಾಲಿಶ್ ಫ್ಯಾಕ್ಟರಿಗೆ ಮುಟ್ಟಿಸಬೇಕಾಗಿತ್ತು.

"ಮಾಲ ತುಂಬೇತಿ," ಎಂದಳು ಪದ್ಮಶ್ರೀ. "ಆ ಏರು ಭಾಳ ಉದ್ದ ಐತಿ. ಬ್ಯಾರೆ ಯಾರಿಗರ ಹೇಳ್ರೆಂತ ಹೇಳ್ಲೇನು?"

"ಯಾಕ? ನಾ ಹೋಗ್ತೇನಿ."

"ಮಾವಾರಿಗೆ ಒಂದ್ಮಾತು—"

"ಪದ್ದೂ, ಗಾಡಿ ಎಳಿತೈತಿ."

ಏರಿನ ಬುಡದಲ್ಲಿ ಅವರು ಲಾರಿಯ ಮುಂಭಾಗಕ್ಕೆ ಕಬ್ಬಿಣದ ರಾಡ್ ಕೊಟ್ಟು, ಪಿನ್ನು ಹಾಕಿ ತಮ್ಮ ಗಾಡಿಗೆ ಜೋಡಿಸಿದರು. ನಿಂತ ಲಾರಿಯ ಎಂಜಿನ್ ಬಂದಾಗಿದ್ದರಿಂದ ಅದರ ಬ್ರೇಕಿಗೆ ಗಾಳಿ ಇರಲಿಲ್ಲ, ಒತ್ತಿದರೂ ಹಿಡಿಯುತ್ತಿರಲಿಲ್ಲ. ತಮ್ಮ ಗಾಡಿಯಿಂದ ಗಾಳಿಯ ಪೈಪು ಎಳೆದು ಕೊಡೋಣ ಎಂದ ಅಬ್ದುಲಸಾಬ.

"ತಡಾ ಆಗ್ತೈತಿ ಕಾಕಾ. ಏರಿನ್ಯಾಗ ಬ್ರೇಕ್ ಯಾಕ ಬೇಕು? ಮ್ಯಾಲ ಹೋದಮ್ಯಾಲ ಕೊಡೂಣು."

ಅಬ್ದುಲಸಾಬ ಒಂದು ಕ್ಷಣ ನಿಂತು, ಆಮೇಲೆ ಲಾರಿ ಏರಿದ.

ಏರಿನ ಮೊದಲ ಭಾಗ ಹತ್ತಿದರು. ಅರ್ಧದ ಹೊತ್ತಿಗೆ ಗಾಡಿ ಸೋಲತೊಡಗಿತು. ಚೇತನ ಗೇರು ಇಳಿಸಿ, ಕ್ಲಚ್ ಅರೆ ಒತ್ತಿ, ಆಕ್ಸಿಲರೇಟರ್ ಪೂರಾ ತುಳಿದ. ಗಾಡಿ ಜಗ್ಗಿತು, ನಿಂತಿತು, ಮತ್ತೆ ಜಗ್ಗಿತು. ಪ್ರತಿ ಜಗ್ಗಿಗೂ ಹಿಂದಿನ ರಾಡಿನ ಪಿನ್ನು ಮೇಲಕ್ಕೆ ಏಳುತ್ತಿತ್ತು. ಅದನ್ನು ಹಿಡಿದಿದ್ದ ಸಣ್ಣ ಕ್ಲಿಪ್ಪು ಮುರಿದು ಬಿತ್ತು. ಅಬ್ದುಲಸಾಬನಿಗೆ ಅದು ಕಂಡಿತು. ಲಾರಿಯ ಬ್ಯಾಟರಿ ಸತ್ತಿದ್ದರಿಂದ ಹಾರ್ನ್ ಬಡಿಯಲಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ನಿಲ್ಲಿಸು ಎಂದು ಕೂಗಿದ. ಮತ್ತೆ ಮತ್ತೆ ಕೂಗಿದ. ಮುಂದಿನ ಗಾಡಿಯ ಪೈಪು ಏರನ್ನೆಲ್ಲ ತುಂಬಿಕೊಂಡು ಗರ್ಜಿಸುತ್ತಿತ್ತು.

ಗಾಡಿ ಒಮ್ಮೆಲೇ ಹಗುರಾಗಿ ಮುಂದೆ ನುಗ್ಗಿತು. ಕೊನೆಗೂ ಎಳೆಯಿತು ಎಂದುಕೊಂಡ ಚೇತನ. ಖುಷಿಯಿಂದ ಗೇರು ಏರಿಸಿದ. ಆಮೇಲೆ ಕನ್ನಡಿ ನೋಡಿದ. ಹಿಂದೆ ಲಾರಿ ಇರಲಿಲ್ಲ.

ಅದು ಹಿಮ್ಮುಖವಾಗಿ ಇಳಿಯುತ್ತಿತ್ತು. ಕೆಳಗಿನಿಂದ ಬಸ್ಸೊಂದು ಬರುವುದನ್ನು ಕಂಡು ಅಬ್ದುಲಸಾಬ ಸ್ಟೇರಿಂಗ್ ತಿರುಗಿಸಿ ಲಾರಿಯನ್ನು ರಸ್ತೆಯ ಮಗ್ಗುಲಿನ ಮಣ್ಣಿನ ದಿಬ್ಬಕ್ಕೆ ಕೊಟ್ಟ. ಲಾರಿ ನಿಂತಿತು. ಕಲ್ಲು ಕೆಳಗೆ ಬೀಳಲಿಲ್ಲ. ಬಸ್ಸಿನವರಿಗೆ ಏನೂ ಆಗಲಿಲ್ಲ. ಚೇತನ ಓಡಿ ಬಂದು ಬಾಗಿಲು ತೆಗೆದಾಗ ಅಬ್ದುಲಸಾಬನ ಎಡಗಾಲು ಪೆಡಲುಗಳ ನಡುವೆ ಸಿಕ್ಕಿಕೊಂಡು, ಮೊಣಕಾಲಿನ ಕೆಳಗೆ ತಿರುಗಿಹೋಗಿತ್ತು.

"ಕೂಗಿದ್ನಲ್ಲೋ ತಮ್ಮಾ," ಎಂದ ಅವನು. ಸಿಟ್ಟಿನಿಂದಲ್ಲ, ಕೇಳಿಸಲಿಲ್ಲವೇ ಎನ್ನುವಂತೆ.

ಬಾಗಲಕೋಟೆಯ ದವಾಖಾನೆಯಲ್ಲಿ ಕಾಲಿಗೆ ರಾಡ್ ಹಾಕಿದರು. ಪೊಲೀಸರು ಅಲ್ಲಿಗೇ ಬಂದು ಅಬ್ದುಲಸಾಬನ ಹೇಳಿಕೆ ಬರೆದುಕೊಂಡು ಹೋದರು. ಖರ್ಚನ್ನು ರಾಚಯ್ಯ ಹೊತ್ತ. ಅದರ ಬಗ್ಗೆ ಮನೆಯಲ್ಲಿ ಚರ್ಚೆ ನಡೆಯಲಿಲ್ಲ. ಅಬ್ದುಲಸಾಬ ಮನೆಗೆ ಬಂದ ಮೇಲೆ ಸಿದ್ದವ್ವ ದಿನಾಲು ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದಳು. ಒಮ್ಮೆ ಚೇತನನ ಕೈಯಲ್ಲಿ ಕೊಟ್ಟಾಗ ಅವನು ಓಣಿಯ ತಿರುವಿನತನಕ ಹೋಗಿ ತಿರುಗಿ ಬಂದ.

"ಮಾರಿ ತೋರ್ಸಾಕ ಆಗವಲ್ದವ್ವ."

"ಡಬ್ಬಿ ತಣ್ಣಗಾಗಾಕತ್ತೈತಿ. ನಡಿ," ಎಂದಳು ಸಿದ್ದವ್ವ. "ಮಾರಿ ನಿನ್ನದು, ಹಸಿವಿ ಅವರದು."

ಅವನು ಹೋದ. ಅಬ್ದುಲಸಾಬನ ಹೆಂಡತಿ ಡಬ್ಬಿ ತೆಗೆದುಕೊಂಡು, ಕೂರು ಎನ್ನದೆ ಒಳಗೆ ಹೋದಳು. ಅಬ್ದುಲಸಾಬನೇ ಹಾಸಿಗೆಯ ಮೇಲಿಂದ ಕರೆದು, ಲಾರಿ ಎಲ್ಲಿದೆ ಎಂದು ಕೇಳಿದ. ಬೇರೆ ಕ್ರೇನು ತಂದು ಕೆಳಗಿನ ಢಾಬಾದ ಬಯಲಿನಲ್ಲಿ ನಿಲ್ಲಿಸಿದ್ದಾರೆ ಎಂದ ಚೇತನ.

"ಕಲ್ಲು?"

"ಮ್ಯಾಲ ಐತಿ. ಮಾಲಕರಿಗೆ ಅವಸರಿಲ್ಲಂತ."

"ಹಂಗಾರ ಅದು ಇನ್ನಾ ನಮ್ಮ ಕೆಲಸ," ಎಂದ ಅಬ್ದುಲಸಾಬ. "ನಾವು ಒಪ್ಗೊಂಡೇವಿ. ನಾವ ಮುಟ್ಟಿಸ್ಬೇಕು."

ಚೇತನ ಮನೆಗೆ ಬಂದು ಈ ಮಾತನ್ನು ಊಟದ ಹೊತ್ತಿನಲ್ಲಿ ಹೇಳಿದ. ರಾಚಯ್ಯ ದಿಟ್ಟಿಸಿ ಮಗನ ತುಟಿಗಳನ್ನೇ ನೋಡುತ್ತಿದ್ದ.

"ಮುಟ್ಟಿಸೂಣು," ಎಂದ. "ಆದ್ರ ಗಾಡಿ ಯಾಕ ಎಳೀಲಿಲ್ಲ ಅನ್ನೂದು ತಿಳೀಬೇಕು. ಅಲ್ಲೀತನಾ ಯಾವ ಕೆಲಸಕ್ಕೂ ಒಯ್ಯೂದಿಲ್ಲ. ಪದ್ಮಶ್ರೀ, ಫೋನ್ ಬಂದ್ರ ಇಲ್ಲ ಅಂತ ಹೇಳು."

"ಹಳೇ ಸೈಲೆನ್ಸರ್ ಹಾಕಿದ್ರ ಮುಗೀತಲ್ಲ?" ಎಂದಳು ಸಿದ್ದವ್ವ.

"ಅದಿದ್ದಾಗೂ ಎಳೀತಿರಲಿಲ್ಲ. ಪೈಪು ಹಾಕಿದ್ಮ್ಯಾಲೂ ಎಳೀಲಿಲ್ಲ. ಬ್ಯಾರೆ ಏನೋ ಐತಿ."

ಪದ್ಮಶ್ರೀ ಕೂಸಿಗೆ ಅನ್ನ ಕಲಸುತ್ತಿದ್ದಳು. ಕೈ ನಿಲ್ಲಿಸಿದಳು.

"ಮೊದಲ, ಸೈಲೆನ್ಸರ್ ಇದ್ದಾಗ, ಒಂದು ಸಪ್ಪಳ ಬರ್ತಿತ್ತು. ಕುಕ್ಕರಿನ ರಬ್ಬರ್ ಸಡಲಾದ್ರ ಬರ್ತೈತಲ್ಲ, ಸುಂಯ್ ಅಂತ, ಹಂಗ. ಗಾಡಿ ಸುರು ಮಾಡಿ ಜೋರ ಮಾಡಿದಾಗ. ಪೈಪು ಹಾಕಿದ್ಮ್ಯಾಲ ಆ ಗದ್ದಲದಾಗ ಅದು ಕೇಳ್ಸೂದ ನಿಂತಿತು."

ಚೇತನ ತಲೆ ಎತ್ತಿದ. "ಯಾಕ ಹೇಳಲಿಲ್ಲ?"

"ಹೇಳಿದ್ನಿ. ಮಾವಾರಿಗೆ."

ರಾಚಯ್ಯ ಸೊಸೆಯ ಕಡೆಗೆ ತಿರುಗಿದ. "ನನಗ? ಯಾವಾಗ?"

"ನೀವು ಎಣ್ಣಿ ನೋಡಾಕತ್ತಿದ್ರಿ. ಎಂಜಿನ್ ಚಾಲೂ ಇತ್ತು. ನಾ ಮಗ್ಗಲಕ ನಿಂತ ಹೇಳಿದ್ನಿ. ನೀವು ಹೂಂ ಅಂದ್ರಿ. ನಿಮಗ ಗೊತ್ತೈತಿ ಅಂತ ತಿಳದ್ನಿ."

ರಾಚಯ್ಯ ರೊಟ್ಟಿ ಹರಿದು ಪಲ್ಯ ಹಚ್ಚಿಕೊಂಡ, ಬಾಯಿಗೆ ಹಾಕಲಿಲ್ಲ.

"ಅಪ್ಪಾ, ನಿನಗ ಆ ಸಪ್ಪಳ ಕೇಳಿಸ್ತಿತ್ತೋ ಇಲ್ಲೋ?" ಎಂದ ಚೇತನ.

"ಎಂಜಿನ್ ಸಪ್ಪಳ ನನಗ ಕಲಿಸ್ತೀಯೇನು?"

"ಕೇಳಿಸ್ತಿತ್ತೋ ಇಲ್ಲೋ, ಅಷ್ಟ ಹೇಳು."

"ಅವರಿಗೆ ಕೇಳ್ಸೂದಿಲ್ಲ," ಎಂದಳು ಸಿದ್ದವ್ವ. ದನಿ ಏರಿಸದೆ, ರೊಟ್ಟಿಯ ಬುಟ್ಟಿಯನ್ನು ನೋಡುತ್ತ ಹೇಳಿದ್ದರಿಂದ ಅದು ಗಂಡನಿಗೆ ತಲುಪಲಿಲ್ಲ. ಮಗ, ಸೊಸೆ ಇಬ್ಬರಿಗೂ ತಲುಪಿತು. ಅವರ ಮುಖ ನೋಡಿ ರಾಚಯ್ಯನಿಗೆ ಗೊತ್ತಾಯಿತು.

"ಏನಂದಿ?"

"ನಿಮಗ ಕೇಳ್ಸೂದಿಲ್ಲ ಅಂದ್ನಿ," ಈಗ ಅವಳು ಅವನ ಕಡೆಗೆ ತಿರುಗಿ ಗಟ್ಟಿಯಾಗಿ ಹೇಳಿದಳು. "ನಾ ಹಿತ್ತಲದಾಗಿಂದ ಕರದ್ರ ಕೇಳ್ಸೂದಿಲ್ಲ. ಕೂಸು ಅತ್ರ ಕೇಳ್ಸೂದಿಲ್ಲ. ಎಲ್ಲಾರಿಗೂ ಹೂಂ ಅಂತೀರಿ. ವಯಸ್ಸೆಲ್ಲಾ ಲಾರಿ ಹೊಡದ ಕಿವಿ ಅವು. ಇದ್ರಾಗ ನಾಚಿಗಿ ಏನೈತಿ?"

ರಾಚಯ್ಯ ಕೈ ತೊಳೆದು ಹೊರಗೆ ನಡೆದ. ತುಸು ಹೊತ್ತಾದ ಮೇಲೆ ಅಂಗಳದಲ್ಲಿ ಗಾಡಿಯ ಕ್ಯಾಬಿನ್ ಎತ್ತಿದ ಸಪ್ಪಳ ಬಂತು. ಚೇತನ ಎದ್ದು ಹೋದ. ಮಧ್ಯಾಹ್ನದ ಬಿಸಿಲಿನಲ್ಲಿ ಅಪ್ಪ ಎಂಜಿನ್ನಿನ ಮೇಲೆ ಬಗ್ಗಿ, ಬಿಳಿ ಅರಿವೆಯ ತುಂಡಿನಿಂದ ಒಂದೊಂದು ಜೋಡಣೆಯನ್ನೂ ಒರೆಸಿ, ಅರಿವೆ ತಿರುಗಿಸಿ ನೋಡುತ್ತಿದ್ದ.

"ಕಿವಿ ಹೋದ್ರ ಕಣ್ಣು ಹೋಗಿಲ್ಲ," ಎಂದ, ಮಗ ಬಂದದ್ದು ಗೊತ್ತಾಗಿ. "ಸಪ್ಪಳ ಬರಬೇಕಾದ್ರ ಹೊಗಿ ಎಲ್ಲೋ ಸೋರತೈತಿ. ಸೋರಿದ್ರ ಮಸಿ ಹಿಡೀತೈತಿ. ಹಿಡಿ ಇಲ್ಲೆ ಬ್ಯಾಟರಿ."

ಚೇತನ ಬ್ಯಾಟರಿ ಬೆಳಕು ಹಿಡಿದ. ಎಂಜಿನ್ನಿನಿಂದ ಬಂದ ಹೊಗೆ ಟರ್ಬೊ ಸೇರುವ ಜೋಡಣೆಯ ಅಡಿಯಲ್ಲಿ ಅರಿವೆ ಕಪ್ಪಾಗಿ ಬಂತು. ರಾಚಯ್ಯ ಮತ್ತೆ ಒರೆಸಿದ; ಬೀಸಣಿಕೆಯಂತೆ ಹರಡಿದ ಮಸಿಯ ಗುರುತು ಅಲ್ಲಿ ಸ್ಪಷ್ಟವಾಗಿ ಕಂಡಿತು. ಎರಡು ಬೋಲ್ಟು ಸಡಿಲಾಗಿದ್ದವು, ನಡುವಿನ ಪ್ಯಾಕಿಂಗು ಸುಟ್ಟುಹೋಗಿತ್ತು.

"ನೋಡು," ಎಂದ ರಾಚಯ್ಯ. "ಈ ಹೊಗಿ ಟರ್ಬೊ ತಿರುಗಿಸ್ಬೇಕು. ಟರ್ಬೊ ತಿರುಗಿದ್ರ ಎಂಜಿನ್ನಿಗೆ ಗಾಳಿ ತುಂಬ್ತೈತಿ. ಅರ್ಧ ಹೊಗಿ ಇಲ್ಲೇ ಹೊರಗ ಹೋತಂದ್ರ ಗಾಳಿ ಎಲ್ಲಿಂದ ಬರಬೇಕು? ಡಿಸೆಲ್ ಸುಟ್ಟು ಕರ್ರಗ ಹೋಗ್ತೈತಿ, ಎಳಿಯೂದಿಲ್ಲ. ಹಿಂದ ನೀ ಯಾವ ಪೈಪರ ಹಾಕು."

ಚೇತನ ಮಸಿಯ ಗುರುತನ್ನು ನೋಡುತ್ತ ನಿಂತ. "ಪದ್ದೂ ನನಗ ಹೇಳಿದ್ರೂ ನಾ ಕೇಳ್ತಿರಲಿಲ್ಲ ಬಿಡು," ಎಂದ ಕೊನೆಗೆ. "ಸೈಲೆನ್ಸರ್‌ದ ತಪ್ಪು ಅಂತ ಮೊದಲ ಠರಾಯಿಸಿ ಬಿಟ್ಟಿದ್ನಿ."

"ನಾನೂ ಹಂಗ. ನನ್ನ ಕಿವಿಗೆ ಬೀಳದ್ದು ಇಲ್ಲೇ ಇಲ್ಲ ಅಂತ ಠರಾಯಿಸಿದ್ನಿ."

ಮರುದಿನ ಗಾಡಿ ಇಳಕಲ್ಲಿಗೆ ಹೋಯಿತು. ಸುನೀಲಕುಮಾರ ಪ್ಯಾಕಿಂಗು ಬದಲಿಸಿ, ಹೊಸ ಬೋಲ್ಟು ಹಾಕಿ, ಸೋರುವುದಿಲ್ಲ ಎಂದು ತೋರಿಸಿದ. ಆಮೇಲೆ ಗಾಡಿಯಲ್ಲಿ ಬಿದ್ದಿದ್ದ ಹಳೆಯ ಸೈಲೆನ್ಸರನ್ನು ಕೊಯ್ದು ನೋಡಿದ. ಒಳಗಿನ ತಗಡು ಮುರಿದು ಅಡ್ಡ ಬಿದ್ದಿತ್ತು, ಮಸಿ ಗಟ್ಟಿಯಾಗಿ ಕಟ್ಟಿತ್ತು.

"ಅಯ್ಯಾರ, ನಿಮ್ಮ ಮಗ ಹೇಳಿದ್ದು ಪೂರಾ ಸುಳ್ಳಲ್ರಿ," ಎಂದ. "ಇದು ಉಸಿರು ಹಿಡದಿದ್ದು ಖರೆ."

ರಾಚಯ್ಯ ಒಳಗೆ ಬೆರಳು ಹಾಕಿ ನೋಡಿದ. "ಖರೆ ಐತಿ," ಎಂದು ಒಪ್ಪಿಕೊಂಡ. "ಮತ್ತ ನೀ ಅವಗ ಬ್ಯಾರೆ ಚೊಲೋ ಸೈಲೆನ್ಸರ್ ಹಾಕ್ಬೇಕಿತ್ತು. ಖಾಲಿ ಪೈಪು ಯಾಕ ಹಾಕಿದಿ?"

"ಗಿರಾಕಿ ಕೇಳಿದ್ದು ಕೊಟ್ಟಿನ್ರಿ. ಈಗ ಎಲ್ಲಾ ಹುಡುಗರು ಸಪ್ಪಳ ಕೇಳ್ತಾರ. ಶಕ್ತಿ ಅಂತ ಬಾಯಿಲೆ ಅಂತಾರ." ಸುನೀಲಕುಮಾರ ತಡೆದು ಮುಂದುವರಿಸಿದ. "ಎಳಿಯೋ ಗಾಡಿ ಅಂತ ನಾನೂ ಯೋಚನಿ ಮಾಡ್ಬೇಕಿತ್ತು."

ಅಂಗಡಿಯಲ್ಲಿ ಎರಡು ಬಗೆಯ ಸೈಲೆನ್ಸರ್ ಇದ್ದವು. ಒಂದರ ಒಳಗೆ ಹೊಗೆ ಅಡ್ಡತಗಡುಗಳಿಗೆ ಬಡಿದು ಸುತ್ತಿ ಹೋಗುತ್ತಿತ್ತು. ಇನ್ನೊಂದರ ಒಳಗೆ ತೂತು ಕೊರೆದ ನೇರ ಕೊಳವೆ, ಅದರ ಸುತ್ತ ಸಪ್ಪಳ ಹೀರುವ ಉಣ್ಣೆಯಂಥದು. ಹೊಗೆಗೆ ಅಡ್ಡಿ ಕಡಿಮೆ. ಚೇತನ ಎರಡನೆಯದನ್ನು ಕೈಯಲ್ಲಿ ಹಿಡಿದು ನೋಡಿದ. ರಾಚಯ್ಯ ಅದರ ಬಾಯಿಯ ಅಳತೆ ಕೇಳಿದ. ಟರ್ಬೊದಿಂದ ಹೊರಬರುವ ಪೈಪಿನ ಅಳತೆಯೇ ಇತ್ತು.

"ಅಪ್ಪಾ, ಇದ್ನ ಹಾಕೂಣು. ಆದ್ರ ಹಾಕೂಕಿಂತ ಮೊದಲ ಎಳಸಿ ನೋಡೂಣು. ನೇರ ಪೈಪಿಗೂ ಇದಕ್ಕೂ ಎಷ್ಟು ಫರಕ ಐತಿ ಅಂತ ನನ್ನ ಕಣ್ಣಿಲೆ ನೋಡ್ಬೇಕು. ಇನ್ನ ಯಾರರ ಹೇಳಿದ್ದು ಕೇಳಿ ಮಾಡೂದಿಲ್ಲ."

"ನನ್ನ ಮಾತೂ?"

"ನಿನ್ನ ಮಾತೂ."

ರಾಚಯ್ಯ ನಕ್ಕ. "ನಡಿ ಹಂಗಾರ."

ಸುನೀಲಕುಮಾರನನ್ನೂ ಕರೆದುಕೊಂಡು ಹೋಗಿ, ಪರಿಚಯದ ಗಣಿಯೊಂದರಲ್ಲಿ ಕೇಳಿಕೊಂಡು, ಒಂದು ಟ್ರೇಲರಿಗೆ ಬೇಡವಾದ ಕಲ್ಲಿನ ತುಂಡುಗಳನ್ನು ತುಂಬಿಸಿದರು. ಗಣಿಯ ತಳದಿಂದ ಮೇಲಕ್ಕೆ ಬರುವ ಏರಿನಲ್ಲಿ ಮೊದಲು ನೇರ ಪೈಪಿನಲ್ಲಿ ಎಳೆದರು. ಸೋರಿಕೆ ನಿಂತಿದ್ದರಿಂದ ಗಾಡಿ ಈಗ ಎರಡನೆಯ ಗೇರಿನಲ್ಲೇ ಹತ್ತಿತು. ಕೆಳಗಿಳಿದು, ಸೈಲೆನ್ಸರ್ ಜೋಡಿಸಿ, ಅದೇ ಭಾರವನ್ನು ಮತ್ತೆ ಎಳೆದರು. ಅದೇ ಗೇರು, ಹೆಚ್ಚುಕಡಿಮೆ ಅದೇ ವೇಗ. ಹೊಗೆ ತಿಳಿಯಾಗಿತ್ತು. ಚೇತನನಿಗೆ ನಂಬಿಕೆಯಾಗದೆ ಇನ್ನಷ್ಟು ಕಲ್ಲು ತುಂಬಿಸಿ, ಎರಡನ್ನೂ ಬದಲಿಸಿ ನೋಡಿದ. ಖಾಲಿ ಗಾಡಿಯನ್ನು ಜೋರಾಗಿ ಓಡಿಸಿದಾಗ ನೇರ ಪೈಪು ತುಸು ಚುರುಕೆನಿಸಿತು. ಭಾರ ಹೊತ್ತು ನಿಧಾನ ಹತ್ತುವಾಗ ಫರಕು ಕಾಲಿಗೆ ಸಿಗುವಷ್ಟಿರಲಿಲ್ಲ. ಸಂಜೆಯತನಕ ಇದು ನಡೆಯಿತು. ಸುನೀಲಕುಮಾರ ಬೇಸರವಾಗಿ ಕಲ್ಲಿನ ಮೇಲೆ ಕುಳಿತ.

"ಆತೇನಪಾ?" ಎಂದ ರಾಚಯ್ಯ.

"ಆತು. ಸೈಲೆನ್ಸರ್ ಇರ್ಲಿ."

ಆ ವಾರ ಅಬ್ದುಲಸಾಬನ ಕಾಲು ತೋರಿಸಲು ಬಾಗಲಕೋಟೆಗೆ ಹೋಗುವುದಿತ್ತು. ಸಿದ್ದವ್ವ ಗಂಡನ ಅಂಗಿ ಇಸ್ತ್ರಿ ಮಾಡಿಟ್ಟು, ಕಿವಿಯ ಡಾಕ್ಟರರೂ ಅದೇ ಓಣಿಯಲ್ಲಿದ್ದಾರೆ ಎಂದಳು. ರಾಚಯ್ಯ ತಕರಾರು ಮಾಡಲಿಲ್ಲ. ಡಾಕ್ಟರರು ಪರೀಕ್ಷೆ ಮಾಡಿ, ಒಳಗಿನ ನರ ಸವೆದಿದೆ, ಹೋದದ್ದು ತಿರುಗಿ ಬರುವುದಿಲ್ಲ, ಯಂತ್ರ ಹಾಕಿದರೆ ಮಾತು ಕೇಳಿಸುತ್ತದೆ ಎಂದರು. ಜೊತೆಗೆ ಬಂದ ಚೇತನನನ್ನೂ ಸುಮ್ಮನೆ ಕೂರಿಸಿ ನೋಡಿದರು.

"ನಿಮ್ಮದೂ ಸುರು ಆಗೇದ್ರಿ," ಎಂದರು. "ಈಗ ಕಡಿಮಿ ಐತಿ. ಹಿಂಗ ಗದ್ದಲದಾಗ ಇದ್ರ ನಿಮ್ಮ ತಂದಿಯವರ ವಯಸ್ಸಿನತನಾ ಕಾಯೂದಿಲ್ಲ."

ಹೊರಗೆ ಬೆಂಚಿನ ಮೇಲೆ ಊರುಗೋಲು ಹಿಡಿದು ಕುಳಿತಿದ್ದ ಅಬ್ದುಲಸಾಬ, ಏನಂದರು ಎಂದು ಕೇಳಿದ.

"ಇಬ್ರಿಗೂ ಕೇಳ್ಸೂದಿಲ್ಲಂತ," ಎಂದ ಚೇತನ. ಆಮೇಲೆ ಅವನ ಪಕ್ಕ ಕುಳಿತು, ತಲೆ ತಗ್ಗಿಸಿ ಹೇಳಿದ. "ಕಾಕಾ, ಆವತ್ತ ನೀ ಗಾಳಿ ಪೈಪು ಕೊಡೂಣು ಅಂದಿ. ನಾ ಬ್ಯಾಡ ಅಂದ್ನಿ. ಪೊಲೀಸರ ಮುಂದ ಅದನ್ನ ನೀ ಹೇಳಲಿಲ್ಲ."

"ಹೇಳಿದ್ರ ಕಾಲು ಕೂಡ್ತಿತ್ತೇನು?" ಎಂದ ಅಬ್ದುಲಸಾಬ. "ನೀ ತಿಳ್ಕೊಂಡ್ರ ಸಾಕು. ಮುಂದಿನ ಸಲ ಪಿನ್ನಿಗೆ ಎರಡು ಕ್ಲಿಪ್ಪು ಹಾಕು."

ಢಾಬಾದ ಬಯಲಿನಿಂದ ಲಾರಿ ತರುವ ದಿನ, ಅದರ ಸ್ಟೇರಿಂಗ್ ಹಿಡಿಯುವವರು ಯಾರು ಎಂಬ ಮಾತು ಬಂತು.

"ನಾ," ಎಂದ ರಾಚಯ್ಯ.

"ಈ ವಯಸ್ಸಿನ್ಯಾಗ?" ಎಂದಳು ಸಿದ್ದವ್ವ.

"ನಾ ಕಟ್ಟಿದ ಗಾಡಿ. ನಾ ಹಿಂದ ಕುಂಡ್ರದಿದ್ರ ಬ್ಯಾರೆ ಯಾರನ್ನ ಕುಂಡ್ರಸ್ಲಿ?"

ಸಿದ್ದವ್ವ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿದಳು. ಪದ್ಮಶ್ರೀ ಮಾವನ ಮೊಬೈಲನ್ನು ಹೊಸದಾಗಿ ತಂದ ಕಿವಿಯ ಯಂತ್ರಕ್ಕೆ ಜೋಡಿಸಿಕೊಟ್ಟಳು. "ಇಬ್ರೂ ಫೋನ್ ಚಾಲೂ ಇಟ್ಕೊರಿ. ಏರು ಹತ್ತೂತನಾ ಯಾರೂ ಬಂದ್ ಮಾಡಬ್ಯಾಡ್ರಿ. ಮೊದಲಿನ ಪೈಪಿದ್ರ ಇದೂ ಕೇಳಿಸ್ತಿರಲಿಲ್ಲ."

ಏರಿನ ಬುಡದಲ್ಲಿ ಚೇತನ ಮೊದಲು ಗಾಳಿಯ ಪೈಪು ಜೋಡಿಸಿದ. ಬ್ರೇಕ್ ಹಿಡಿಯುತ್ತದೆಯೇ ಎಂದು ಅಪ್ಪನಿಂದ ಒತ್ತಿಸಿ ನೋಡಿದ. ಪಿನ್ನು ಹಾಕಿ, ಎರಡು ಕ್ಲಿಪ್ಪು ಚುಚ್ಚಿ, ಕೈಯಿಂದ ಜಗ್ಗಿದ. ಆಮೇಲೆ ಗಾಡಿ ಹತ್ತಿದ.

ಎರಡನೆಯ ಗೇರಿನಲ್ಲಿ ಅವರು ಏರತೊಡಗಿದರು. ಎಂಜಿನ್ನಿನ ದುಡಿಮೆಯ ಸಪ್ಪಳವಷ್ಟೇ ಇತ್ತು. ಫೋನಿನಲ್ಲಿ ಅಪ್ಪನ ಉಸಿರು ಕೂಡ ಕೇಳುತ್ತಿತ್ತು. ಅರ್ಧ ದಾರಿಯಲ್ಲಿ, ಆವತ್ತು ಲಾರಿ ಬಡಿದು ಮಗ್ಗುಲಿನ ದಿಬ್ಬದ ಮಣ್ಣು ಕುಸಿದಿದ್ದ ಜಾಗ ಬಂತು. ಚೇತನ ಕನ್ನಡಿ ನೋಡಿದ.

"ನಿಲ್ಲಿಸು," ಎಂದ ರಾಚಯ್ಯ.

ಚೇತನ ಬ್ರೇಕ್ ಒತ್ತಿದ. ಎರಡೂ ಗಾಡಿಗಳು ನಿಂತವು. "ಏನಾತು? ಪಿನ್ನು ಬಂತೇನು?"

"ಏನೂ ಆಗಿಲ್ಲ. ಇಲ್ಲಿಂದ ಮತ್ತ ಎತ್ತು."

"ಅಪ್ಪಾ, ಹೊಂಟಿದ್ದು ಹೊಂಟಿತ್ತು. ಇಲ್ಲ್ಯಾಕ ನಿಲ್ಲಿಸ್ದಿ? ಎತ್ತದಿದ್ರ?"

"ಎತ್ತದಿದ್ರ ಬ್ರೇಕ್ ಐತಿ, ನಾ ಹಿಡಿತೇನಿ. ನಾಳಿ ಯಾವುದರ ಏರಿನ್ಯಾಗ ಅಡ್ಡ ದನ ಬಂದ್ರ ನಿಲ್ಲಿಸ್ಬೇಕಾಗ್ತೈತಿ. ಆವಾಗ ಈ ಜಾಗ ನೆನಪಾಗಿ ಕೈ ನಡುಗಬಾರದು. ಮೊದಲನೇ ಗೇರ್ ಹಾಕು. ಜಗ್ಗಬ್ಯಾಡ. ಸಾವಕಾಶ."

ಹಿಂದಿನಿಂದ ಬಂದ ವಾಹನಗಳು ಹಾರ್ನ್ ಹಾಕಿ ಬದಿಯಿಂದ ದಾಟಿಹೋದವು. ಚೇತನ ಸ್ಟೇರಿಂಗ್ ಹಿಡಿದು ಕುಳಿತೇ ಇದ್ದ. ರಾಚಯ್ಯ ಅವಸರ ಮಾಡಲಿಲ್ಲ. ಕೊನೆಗೆ ಚೇತನ ಗೇರು ಹಾಕಿ, ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟು, ಆಕ್ಸಿಲರೇಟರ್ ಒತ್ತಿದ. ಗಾಡಿಯ ಮೈ ಬಿಗಿಯಿತು. ಒಂದು ಕ್ಷಣ ಯಾವುದೂ ಅಲುಗಲಿಲ್ಲ. ಆಮೇಲೆ ಟರ್ಬೊ ತುಂಬಿಕೊಂಡ ಸಪ್ಪಳ ಕೇಳಿಸಿತು, ಕನ್ನಡಿಯಲ್ಲಿ ಲಾರಿಯ ಮುಖ ಅಲುಗಿತು, ಎರಡೂ ಒಟ್ಟಿಗೆ ಮೇಲಕ್ಕೆ ಸರಿದವು. ಜಗ್ಗಲಿಲ್ಲ, ಹಿಂದೆ ಜಾರಲಿಲ್ಲ.

"ಬರಾಕತ್ತೀನಿ," ಎಂದ ರಾಚಯ್ಯ. "ಹೊಡಿ."

ಏರು ಮುಗಿದು ಸಪಾಟು ಬಂದ ಮೇಲೆ ಚೇತನ ಮಗ್ಗುಲಿಗೆ ನಿಲ್ಲಿಸಿ ಕೆಳಗಿಳಿದ. ರಾಚಯ್ಯ ಲಾರಿಯಿಂದ ಇಳಿದು ಬಂದು, ಬಗ್ಗಿ ಪಿನ್ನನ್ನು ಮುಟ್ಟಿ ನೋಡಿದ, ರಾಡನ್ನು ಅಂಗೈಯಿಂದ ತಟ್ಟಿದ. ತಂದೆ ಮಗ ಇಬ್ಬರೂ ಒಂದೇ ಬಾಟಲಿಯ ನೀರು ಕುಡಿದರು.

"ಊಟಾ ಮಾಡೂಣೇನು?" ಎಂದ ಚೇತನ.

ರಾಚಯ್ಯ ಮುಂದಿನ ರಸ್ತೆಯನ್ನೂ ಬಿಸಿಲನ್ನೂ ನೋಡಿದ.

"ಇಳಕಲ್ಲಿನ್ಯಾಗ ಮಾಡೂಣು. ಅವರ ಕಲ್ಲು ಮೊದಲ ಇಳೀಲಿ," ಎಂದು ಹೇಳಿ, ತಿರುಗಿ ಲಾರಿ ಹತ್ತಿದ.